ಕಾದಂಬರಿಯ ಕರಡುಪ್ರತಿ ಮತ್ತು ಅದರ ಮೊದಲ ಓದುಗ

ಗ್ರಂಥಸಂಪಾದನೆಯಲ್ಲಿ ಹಳೆಯ ಹಸ್ತಪ್ರತಿಗಳ ಪಾಠಾಂತರಗಳಿಗೆ ಸಲ್ಲುವ ಗಮನವು ಆಧುನಿಕ ಕಾದಂಬರಿಯ ಕರಡುಪ್ರತಿಗಳಿಗೆ ನಮ್ಮಲ್ಲಿ ಅಷ್ಟಾಗಿ ಸಂದಿಲ್ಲ. ಆದರೆ ಅಚ್ಚಿಗೆ ಮುನ್ನ ಕರಡನ್ನು ಓದಿದವರ ಮಾತಿನಿಂದ ಕೃತಿಯ ಸ್ವರೂಪವೇ ಬದಲಾದ ನಿದರ್ಶನಗಳುಂಟು. ಅಂತಹ ಓದುಗನಿಂದ ಕಾದಂಬರಿಕಾರನು ಬಯಸುವುದೇನೆಂಬುದನ್ನು ಮೂರು ಪ್ರಸಂಗಗಳ ಮೂಲಕ ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ.

ಮೊದಲನೆಯದು ತೀರ್ಪಿನ ಪ್ರಸಂಗ. 1849ರಲ್ಲಿ ಫ್ರೆಂಚ್ ಲೇಖಕ ಗುಸ್ತಾವ್ ಫ್ಲೋಬೇರ್ ಸಂತ ಆಂಟನಿಯ ಪ್ರಲೋಭನೆಯನ್ನು ಕುರಿತ ತನ್ನ ಕೃತಿಯನ್ನು ಲೂಯಿ ಬುಯ್ಯೇ, ಮಾಕ್ಸಿಮ್ ದ್ಯು ಕಾಂ ಎಂಬ ಇಬ್ಬರು ಗೆಳೆಯರಿಗೆ ನಾಲ್ಕು ದಿನಗಳ ಕಾಲ ಓದಿ ಹೇಳಿದನು. ಅದನ್ನು ಬೆಂಕಿಗೆ ಹಾಕಿ ಮರೆತುಬಿಡುವಂತೆ ಅವರು ಕೊನೆಯಲ್ಲಿ ಸೂಚಿಸಿದ ಸಂಗತಿಯನ್ನು ದ್ಯು ಕಾಂ ತನ್ನ ನೆನಪುಗಳಲ್ಲಿ ದಾಖಲಿಸಿದ್ದಾನೆ. ಫ್ಲೋಬೇರ್ ಸುಡಲಿಲ್ಲ, ಹೊಸದಾಗಿ ಬರೆದು 1874ರಲ್ಲಿ ಪ್ರಕಟಿಸಿದನು. ತೀರ್ಪು ಲೇಖಕನನ್ನು ತಡೆದು ನಿಲ್ಲಿಸಬಲ್ಲದು. ಮುಂದಿನ ದಾರಿಯನ್ನು ಮಾತ್ರ ಅವನೇ ಕಂಡುಕೊಳ್ಳಬೇಕು.

ಎರಡನೆಯದು ಪರಿಹಾರದ ಪ್ರಸಂಗ. 1861ರಲ್ಲಿ ಚಾರ್ಲ್ಸ್ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯ ಕೊನೆಯ ಭಾಗವನ್ನು ಅಚ್ಚಿನ ಕರಡಿನಲ್ಲಿ ಓದಿದ ಬುಲ್ವರ್ ಲಿಟ್ಟನ್, ಮುಕ್ತಾಯವನ್ನು ಬದಲಿಸಲು ಒತ್ತಾಯಿಸಿದನು. ಪಿಪ್ ಮತ್ತು ಎಸ್ಟೆಲಾ ಅಗಲುವ ಮುಕ್ತಾಯದ ಸ್ಥಾನದಲ್ಲಿ ಅವರು ಕೂಡಿಯಾರೆಂಬ ಸೂಚನೆ ಬಂದಿತು. ಜಾನ್ ಫಾರ್‌ಸ್ಟರ್ ತಾನು ಬರೆದ ಡಿಕನ್ಸ್ ಚರಿತ್ರೆಯಲ್ಲಿ ಮೂಲ ಮುಕ್ತಾಯವನ್ನು ಮುದ್ರಿಸಿದುದರಿಂದ ಅದು ನಮಗೆ ಉಳಿದಿದೆ. ಎರಡರಲ್ಲಿ ಯಾವುದು ಉಚಿತವೆಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ಮೂರನೆಯದು ಓದಿನ ಅನುಭವವನ್ನು ತಿಳಿಸಿದ ಪ್ರಸಂಗ. 1924ರ ನವೆಂಬರಿನಲ್ಲಿ ಅಮೆರಿಕದ ಸಂಪಾದಕ ಮ್ಯಾಕ್ಸ್‌ವೆಲ್ ಪರ್ಕಿನ್ಸ್, ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯ ಕರಡನ್ನು ಓದಿ ಸ್ಕಾಟ್ ಫಿಟ್ಸ್‌ಜೆರಾಲ್ಡ್‌ಗೆ ಪತ್ರ ಬರೆದನು. ಕೃತಿಯನ್ನು ಮೆಚ್ಚಿಕೊಂಡರೂ, ನಾಯಕನ ಆಕಾರ ಓದುಗನ ಕಣ್ಣಿಗೆ ಮಸುಕಾಗಿದೆ, ಅವನ ಸಂಪತ್ತಿನ ಮೂಲ ತಿಳಿಯದಾಗಿದೆ ಎಂದು ಸೂಚಿಸಿದನು. ಸರಿಪಡಿಸುವ ಕೆಲವು ಬಗೆಗಳನ್ನು ಸೂಚಿಸಿದರೂ ತೀರ್ಮಾನವನ್ನು ಲೇಖಕನಿಗೇ ಬಿಟ್ಟನು. ಗ್ಯಾಟ್ಸ್‌ಬಿಯ ರೂಪ, ವ್ಯವಹಾರಗಳು ತನಗೂ ಸ್ಪಷ್ಟವಿರಲಿಲ್ಲವೆಂದು ಫಿಟ್ಸ್‌ಜೆರಾಲ್ಡ್ ಉತ್ತರಿಸಿದನು. ಅಚ್ಚಿನ ಕರಡಿನ ಮೇಲೆಯೇ ಬಹುವಾಗಿ ತಿದ್ದಿದ ಬಳಿಕ, 1925ರ ಏಪ್ರಿಲಿನಲ್ಲಿ ಕಾದಂಬರಿ ಹೊರಬಂದಿತು.

ಈ ಮೂರನ್ನು ಹೋಲಿಸಿದಾಗ, ಲೇಖಕನಿಗೆ ಹೆಚ್ಚು ಒದಗುವುದು ಮೂರನೆಯ ಬಗೆಯ ಓದೇ ಎಂಬುದು ನಮ್ಮ ಅಭಿಪ್ರಾಯ. ಎಲ್ಲಿ ಮನಸ್ಸು ನೆಟ್ಟಿತು, ಎಲ್ಲಿ ಎಡವಿತು, ಯಾವ ಪಾತ್ರ ಕಣ್ಣಿಗೆ ಕಟ್ಟಲಿಲ್ಲ ಎಂಬುದನ್ನು ಬರೆದವನು ತಾನಾಗಿ ಕಾಣಲಾರನು. ಹೊರಗಣ್ಣು ಬೇಕಾಗುವುದು ಅಲ್ಲಿ. ಪ್ರಶಂಸೆಯಿಂದ ಧೈರ್ಯ ದೊರೆತೀತು, ತಿದ್ದುವ ಎಡೆ ತಿಳಿಯದು.

ಹೊರನಾಡಿನ ಕನ್ನಡ ಲೇಖಕನಿಗೆ ಈ ಹೊರಗಣ್ಣು ಸುಲಭಲಭ್ಯವಲ್ಲ. ಯು. ಆರ್. ಅನಂತಮೂರ್ತಿಯವರು ‘ಸಂಸ್ಕಾರ’ವನ್ನು (1965) ಬರೆದುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಅಲ್ಲಿ ಅವರನ್ನು ಬರವಣಿಗೆಗೆ ಪ್ರೇರಿಸಿದ ಮಾಲ್ಕಮ್ ಬ್ರಾಡ್‌ಬರಿ ಅವರು ಸ್ವತಃ ಕಾದಂಬರಿಕಾರರು. ಆದರೆ ಕನ್ನಡ ಬಲ್ಲವರಲ್ಲ. ಮುಂಬಯಿ, ದೆಹಲಿಗಳಲ್ಲಿಯೂ ಬರೆಯುವವನ ನಿತ್ಯದ ಸಾಹಿತ್ಯ ಸಂಗಾತಿಗಳು ಅವನ ಭಾಷೆಯನ್ನು ಓದಬಲ್ಲವರೇ ಆಗಿರಬೇಕೆಂದಿಲ್ಲ. ಆಗ ಕರಡು ದೂರದ ಗೆಳೆಯನನ್ನು ಸೇರಬೇಕು. ಅಭಿಪ್ರಾಯವೂ ಬರಹದಲ್ಲಿಯೇ ಮರಳಬೇಕು.

ಸಂಶೋಧಕರಿಗೆ ಇದೊಂದು ಅವಕಾಶ. ಮಾತಿನಲ್ಲಿ ಹೇಳಿದ್ದು ಕರಗಿಹೋಗುತ್ತದೆ. ಪತ್ರದಲ್ಲಿ, ಕರಡಿನ ಅಂಚಿನಲ್ಲಿ ಬರೆದದ್ದು ಉಳಿಯುತ್ತದೆ. ಹೊರನಾಡಿನ ಲೇಖಕರ ಮನೆಗಳಲ್ಲಿರಬಹುದಾದ ಇಂತಹ ಕಾಗದಗಳು ರದ್ದಿಗೆ ಸೇರುವ ಮೊದಲು, ಕುಟುಂಬದವರ ಒಪ್ಪಿಗೆಯೊಡನೆ ಅವುಗಳ ಪಟ್ಟಿ ಮಾಡಿ ಪ್ರತಿ ತೆಗೆದಿಡುವುದು ತುರ್ತಿನ ಕಾರ್ಯವೆಂದು ನಾವು ಭಾವಿಸುತ್ತೇವೆ.