ಹಳ್ಳಿಗೆ ಬರುವ ಹೊಸ ವೈದ್ಯರು

ಸರ್ಕಾರಿ ಸೀಟಿನಲ್ಲಿ ವೈದ್ಯಕೀಯ ಓದುವವರ ಖರ್ಚಿನ ಬಹುಪಾಲು ನಿಮ್ಮ ತೆರಿಗೆ ಹಣ. ವೈದ್ಯ ಪದವಿ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಸಲ್ಲಿಸಬೇಕೆಂದು ಕರ್ನಾಟಕ 2012ರಲ್ಲಿ ಕಾಯ್ದೆ ರೂಪಿಸಿ, 2015ರಲ್ಲಿ ಜಾರಿಗೆ ತಂದಿತು. ಬಳಿಕದ ತಿದ್ದುಪಡಿ ಅದನ್ನು ಖಾಲಿ ಹುದ್ದೆಗಳಷ್ಟಕ್ಕೇ ಸೀಮಿತಗೊಳಿಸಿತು.

ಇದರಿಂದ ಹಗರೆಯಂಥ ಊರಿನವರಿಗೇನು ಲಾಭ? ಹೊಲದಲ್ಲಿ ಹಾವು ಕಚ್ಚಿದರೆ ಹಾಸನ ಮುಟ್ಟುವವರೆಗೆ ಕಾಯುವಂತಿಲ್ಲ. ಹತ್ತಿರದಲ್ಲೇ ವೈದ್ಯರೂ ಔಷಧಿಯೂ ಇದ್ದರೆ ವಿಷನಿರೋಧಕ ಚುಚ್ಚುಮದ್ದನ್ನು ಬೇಗ ಆರಂಭಿಸಬಹುದು.

ಆದರೆ ವರ್ಷಕ್ಕೊಬ್ಬ ವೈದ್ಯರು ಬದಲಾದರೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರ ಹಿನ್ನೆಲೆ ಬಲ್ಲವರು ಉಳಿಯುವುದಿಲ್ಲ. ಆದ್ದರಿಂದ ನಿಮ್ಮ ಔಷಧಿ ಚೀಟಿ, ಪರೀಕ್ಷಾ ವರದಿಗಳನ್ನು ಒಂದೇ ಕಡೆ ಜೋಪಾನವಾಗಿಡಿ. ಹೊಸಬರು ಬಂದಾಗ ತಪ್ಪದೆ ತೋರಿಸಿ. ಅವರಿಗೆ ಊರಿನಲ್ಲೇ ಬಾಡಿಗೆ ಮನೆ ಸಿಗುವಂತೆಯೂ ನೋಡಿಕೊಳ್ಳಿ. ರಾತ್ರಿ ಹೊತ್ತು ಕೈಗೆ ಸಿಗುವುದು ಊರಲ್ಲಿರುವ ವೈದ್ಯರೇ.