75 ಲೀಟರ್ ಗಾಳಿ, ಒಂದು ಒದ್ದೆ ಗೋಡೆ

ಅಮೆರಿಕದಲ್ಲಿ ಮನೆ ಕೊಳ್ಳಲು ಹೊರಟವರ ಕೈಗೆ ಸಾಲದ ಕಾಗದಪತ್ರಗಳ ಜೊತೆ ಕೆಲವೊಮ್ಮೆ ಇನ್ನೊಂದು ವರದಿಯೂ ಬಂದು ಸೇರುತ್ತದೆ. ನ್ಯೂಜೆರ್ಸಿಯ ಬೇಸ್‌ಮೆಂಟ್ ಇರುವ ಮನೆಯೋ, ಹ್ಯೂಸ್ಟನ್ನಿನಲ್ಲಿ ಹಿಂದೊಮ್ಮೆ ನೆರೆ ನೀರು ಹೊಕ್ಕ ಮನೆಯೋ ಆದರಂತೂ ಅದು ಬರುವುದೇ ಹೆಚ್ಚು. ಅಲ್ಲಿ ನೆಲೆಸಿದ ಕನ್ನಡದ ಕುಟುಂಬಗಳೂ ಇದನ್ನು ಕಂಡಿವೆ: ‘ಮೋಲ್ಡ್ ಟೆಸ್ಟ್’, ಅಂದರೆ ಮನೆಯೊಳಗಿನ ಬೂಷ್ಟಿನ ತಪಾಸಣೆ. ಎಡಕ್ಕೆ ಬಾಯಿ ತಿರುಗದ ಲ್ಯಾಟಿನ್ ಹೆಸರುಗಳು, ಬಲಕ್ಕೆ ಅಂಕಿಗಳು. ಉದಾಹರಣೆಗೆ, ಕ್ಲಾಡೊಸ್ಪೋರಿಯಂ 1,240, ಆಸ್ಪರ್ಜಿಲಸ್/ಪೆನಿಸಿಲಿಯಂ 880, ಸ್ಟ್ಯಾಕಿಬಾಟ್ರಿಸ್ 13. ಕೊನೆಯ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದರೆ ‘ವಿಷಕಾರಿ ಕಪ್ಪು ಬೂಷ್ಟು’ ಎಂಬ ಮಾತು ಎದುರಾಗುತ್ತದೆ. ಮನೆ ಕೊಳ್ಳುವ ಉತ್ಸಾಹ ಅಲ್ಲಿಗೆ ಇಳಿಯುತ್ತದೆ.

ಆ 13 ಹೇಗೆ ಬಂತು ಎಂದು ಯಾರೂ ಸಾಮಾನ್ಯವಾಗಿ ಕೇಳುವುದಿಲ್ಲ. ತಪಾಸಣೆಯವರು ಕೋಣೆಯ ನಡುವೆ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಅದರ ತಲೆಗೆ ಅಂಗೈಯಲ್ಲಿ ಅಡಗುವಷ್ಟು ಸಣ್ಣ ಪ್ಲಾಸ್ಟಿಕ್ ಕ್ಯಾಸೆಟ್ ಸಿಕ್ಕಿಸುತ್ತಾರೆ. ನಳಿಗೆಯ ಇನ್ನೊಂದು ತುದಿಗೆ ಪಂಪು. ಅದು ನಿಮಿಷಕ್ಕೆ 15 ಲೀಟರಿನಂತೆ ಸಾಮಾನ್ಯವಾಗಿ 5 ನಿಮಿಷ ಗಾಳಿ ಎಳೆಯುತ್ತದೆ. ಕ್ಯಾಸೆಟ್ಟಿನ ಒಳಗೆ ಅಂಟು ಬಳಿದ ಗಾಜಿನ ತುಣುಕು ಇದೆ. ಸೀಳಿನಂಥ ಬಾಯಿಯಿಂದ ಒಳನುಗ್ಗಿದ ಗಾಳಿ ಗಾಜಿಗೆ ಬಡಿದು ಪಕ್ಕಕ್ಕೆ ಹೊರಳಿಕೊಂಡು ಹೋಗುತ್ತದೆ. ಅದರಲ್ಲಿದ್ದ ಧೂಳು, ಪರಾಗ, ಚರ್ಮದ ಹೊಟ್ಟು, ಬೂಷ್ಟಿನ ಬೀಜಾಣು ಅಷ್ಟು ಬೇಗ ಹೊರಳಲಾರದೆ ಅಂಟಿಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಎಣಿಸುತ್ತಾರೆ. ಎಳೆದದ್ದು 75 ಲೀಟರ್. ವರದಿ ಕೊಡಬೇಕಾದದ್ದು ಘನ ಮೀಟರಿಗೆ, ಎಂದರೆ 1,000 ಲೀಟರಿಗೆ. ಹಾಗಾಗಿ ಎಣಿಕೆಯನ್ನು 13 ಚಿಲ್ಲರೆಯಿಂದ ಗುಣಿಸುತ್ತಾರೆ. ನಿದ್ದೆ ಕೆಡಿಸಿದ ಆ 13 ಎಂದರೆ ಗಾಜಿನ ಮೇಲೆ ಸಿಕ್ಕ ಒಂದೇ ಒಂದು ಬೀಜಾಣು. 880 ಎಂದರೆ 66.

ಸುಮ್ಮನೆ ಕುಳಿತ ಒಬ್ಬ ವ್ಯಕ್ತಿ ಸುಮಾರು ಹತ್ತು ನಿಮಿಷದಲ್ಲಿ ಉಸಿರಾಡುವ ಗಾಳಿ ಈ 75 ಲೀಟರ್. ಆ ಹೊತ್ತಿನಲ್ಲಿ ಯಾರೋ ಕಾರ್ಪೆಟ್ ಮೇಲೆ ನಡೆದರೆ, ಹೀಟರಿನ ಫ್ಯಾನ್ ತಿರುಗಿದರೆ, ಮಗು ಸೋಫಾದ ಮೇಲೆ ಕುಣಿದರೆ ಅಂಕಿ ಬೇರೆ. ಬೆಳಿಗ್ಗೆಗೂ ಸಂಜೆಗೂ ಒಂದೇ ಕೋಣೆಯಲ್ಲಿ ಹಲವು ಪಟ್ಟು ವ್ಯತ್ಯಾಸ ಬರಬಹುದು. ಧೂಳು ತುಂಬಿದ ಮನೆಯಾದರೆ ಗಾಜಿನ ಮೇಲೆ ಧೂಳೇ ಹರಡಿಕೊಂಡು ಬೀಜಾಣುಗಳನ್ನು ಮರೆಮಾಡುತ್ತದೆ. ಕೊಳಕು ಮನೆಗೆ ಕಡಿಮೆ ಅಂಕಿ ಸಿಗುವ ವಿಚಿತ್ರವೂ ಉಂಟು. ಆಸ್ಪರ್ಜಿಲಸ್ ಮತ್ತು ಪೆನಿಸಿಲಿಯಂ ಬೀಜಾಣುಗಳು ಬರೀ 2ರಿಂದ 5 ಮೈಕ್ರೊಮೀಟರಿನ ದುಂಡು ಕಣಗಳು. ಸೂಕ್ಷ್ಮದರ್ಶಕದಲ್ಲಿ ಇದು ಯಾವುದು ಅದು ಯಾವುದು ಎಂದು ಹೇಳಲಾಗದೆ ಎರಡನ್ನೂ ಒಂದೇ ಸಾಲಿಗೆ ಸೇರಿಸಿಬಿಡುತ್ತಾರೆ. ಎಲ್ಲರೂ ಹೆದರುವ ಸ್ಟ್ಯಾಕಿಬಾಟ್ರಿಸ್‌ನದು ಇನ್ನೊಂದು ಕಥೆ. ನೀರು ಕುಡಿದ ಜಿಪ್ಸಂ ಬೋರ್ಡಿನ ಕಾಗದದ ಮೇಲೆ ಅದು ಲೋಳೆಯಾಗಿ ಬೆಳೆಯುತ್ತದೆ. ಒದ್ದೆಯಾಗಿರುವಷ್ಟು ಕಾಲ ಅದರ ಬೀಜಾಣು ಸುಲಭವಾಗಿ ಹಾರುವುದಿಲ್ಲ. ಗೋಡೆಯ ಹಿಂದೆ ದಟ್ಟವಾಗಿ ಹಬ್ಬಿದ್ದರೂ ಕೋಣೆಯ ಗಾಳಿಯಲ್ಲಿ ಸೊನ್ನೆ ಬರಬಹುದು. (2021ರಲ್ಲಿ ‘ಕಪ್ಪು ಶಿಲೀಂಧ್ರ’ ಎಂಬ ಹೆಸರಿನಲ್ಲಿ ಕೋವಿಡ್ ರೋಗಿಗಳನ್ನು ಕಾಡಿದ ಮ್ಯೂಕರ್‌ಮೈಕೋಸಿಸ್‌ಗೂ ಈ ಕಪ್ಪು ಬೂಷ್ಟಿಗೂ ಸಂಬಂಧವಿಲ್ಲ.)

ಎಷ್ಟಿದ್ದರೆ ಅಪಾಯ? ಇದಕ್ಕೆ ಅಧಿಕೃತ ಮಿತಿಯೇ ಇಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಮನೆಯ ಬೂಷ್ಟಿಗೆ ಮಿತಿ ನಿಗದಿ ಮಾಡಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ತೇವ ಮತ್ತು ಬೂಷ್ಟಿನ ಬಗ್ಗೆ ಮಾರ್ಗಸೂಚಿ ಹೊರಡಿಸಿದಾಗಲೂ ಅಂಕಿ ಕೊಡಲಿಲ್ಲ. ತೇವವನ್ನು ತಡೆಯಿರಿ ಎಂದಷ್ಟೇ ಹೇಳಿತು. ಮಿತಿ ಇಲ್ಲದ ಕಾರಣ ತಪಾಸಣೆಯವರು ಹೊರಗಿನ ಗಾಳಿಯದೂ ಒಂದು ಮಾದರಿ ತೆಗೆದು ಹೋಲಿಸುತ್ತಾರೆ. ಒಳಗೆ ಹೊರಗಿಗಿಂತ ಹೆಚ್ಚಿದ್ದರೆ ಅನುಮಾನ. ಕೇಳಲು ಸರಿಯಾಗಿಯೇ ಇದೆ. ಆದರೆ ಜನವರಿಯಲ್ಲಿ ನೆಲವೆಲ್ಲ ಹಿಮ ಹೊದ್ದಾಗ ಹೊರಗಿನ ಗಾಳಿಯಲ್ಲಿ ಬೀಜಾಣು ಹೆಚ್ಚುಕಡಿಮೆ ಇರುವುದೇ ಇಲ್ಲ, ಆಗ ಯಾವ ಮನೆಯೂ ಕೆಟ್ಟದಾಗಿ ಕಾಣುತ್ತದೆ. ತರಗೆಲೆ ಕೊಳೆಯುವ ಅಕ್ಟೋಬರಿನಲ್ಲಿ ಅದೇ ಮನೆ ಪಾಸು.

ಗಾಳಿಯ ಮಾದರಿ ಎಷ್ಟು ದಾರಿ ತಪ್ಪಿಸಬಲ್ಲದು ಎನ್ನುವುದಕ್ಕೆ ಕ್ಲೀವ್‌ಲ್ಯಾಂಡ್‌ಗಿಂತ ದೊಡ್ಡ ಉದಾಹರಣೆ ಬೇಡ. ಒಹಾಯೊ ರಾಜ್ಯದ ಈ ನಗರದಲ್ಲಿ 1993–94ರಲ್ಲಿ ಹಸುಗೂಸುಗಳ ಶ್ವಾಸಕೋಶದಲ್ಲಿ ರಕ್ತಸ್ರಾವವಾದ ಪ್ರಕರಣಗಳು ಒಂದರ ಹಿಂದೊಂದು ಬಂದವು. ನೀರು ಸೋರಿ ಹಾಳಾದ ಮನೆಗಳಲ್ಲಿ ಸ್ಟ್ಯಾಕಿಬಾಟ್ರಿಸ್ ಸಿಕ್ಕಿತು. ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ಮೊದಲ ವರದಿಗಳು ಇವೆರಡಕ್ಕೂ ನಂಟಿದೆ ಎಂದವು, ಪತ್ರಿಕೆಗಳು ಅದನ್ನೇ ದೊಡ್ಡದು ಮಾಡಿದವು. 2000ದ ಮಾರ್ಚಿನಲ್ಲಿ ಅದೇ ಸಿಡಿಸಿ ತನ್ನ ಕೆಲಸವನ್ನು ಮರುಪರಿಶೀಲಿಸಿ, ನಂಟು ಸಾಬೀತಾಗಿಲ್ಲ ಎಂದು ಪ್ರಕಟಿಸಿತು. ಕಾರಣಗಳ ಪಟ್ಟಿ ಓದಿದರೆ ಬೆರಗಾಗುತ್ತದೆ. ಮಾದರಿ ತೆಗೆಯುವವರಿಗೆ ರೋಗಿಯ ಮನೆ ಯಾವುದೆಂದು ಮೊದಲೇ ಗೊತ್ತಿತ್ತು. ಅಲ್ಲಿ ಬೇರೆ ಮನೆಗಳಿಗಿಂತ ಎರಡರಷ್ಟು ಗಾಳಿಯ ಮಾದರಿ ತೆಗೆದಿದ್ದರು. ಕಾರ್ಪೆಟ್ಟಿಗೆ ವ್ಯಾಕ್ಯೂಮ್ ಹಾಕಿ, ಬಿಸಿಗಾಳಿಯ ಕೊಳವೆಗಳನ್ನೂ ಪೀಠೋಪಕರಣಗಳನ್ನೂ ಬಡಿದು ಧೂಳೆಬ್ಬಿಸಿ ಹಿಡಿದದ್ದೂ ಇತ್ತು. ಹುಡುಕಿದಷ್ಟು ಸಿಗುತ್ತದೆ, ಬಡಿದಷ್ಟು ಹಾರುತ್ತದೆ. ಬೂಷ್ಟು ನಿರಪಾಯಕಾರಿ ಎಂದು ಇದರ ಅರ್ಥವಲ್ಲ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2004ರಲ್ಲಿ ಎಲ್ಲ ಅಧ್ಯಯನಗಳನ್ನು ಜಾಲಾಡಿ, ತೇವದ ಮನೆಗೂ ಕೆಮ್ಮು, ಉಬ್ಬಸ, ಮೂಗು ಗಂಟಲಿನ ತೊಂದರೆಗಳಿಗೂ ಸಂಬಂಧವಿರುವುದಕ್ಕೆ ಸಾಕಷ್ಟು ಪುರಾವೆ ಇದೆ ಎಂದಿತು. ಅಸ್ತಮಾ ಇದ್ದವರಿಗೆ ಅದು ಉಲ್ಬಣಿಸುತ್ತದೆ ಎಂದೂ ಹೇಳಿತು. ಮರೆವು, ರಕ್ತಸ್ರಾವ ಇತ್ಯಾದಿಗಳಿಗೆ ಅಂಥ ಪುರಾವೆ ಸಿಗಲಿಲ್ಲ.

ಅಷ್ಟರಲ್ಲಿ ಭಯಕ್ಕೆ ಬೆಲೆ ಬಂದಾಗಿತ್ತು. 2001ರಲ್ಲಿ ಟೆಕ್ಸಸ್‌ನ ಜ್ಯೂರಿಯೊಂದು ಬೂಷ್ಟು ಹಿಡಿದ ಬಂಗಲೆಯ ಒಡತಿ ಮೆಲಿಂಡಾ ಬ್ಯಾಲಾರ್ಡ್‌ಗೆ ವಿಮಾ ಕಂಪನಿ 3.2 ಕೋಟಿ ಡಾಲರ್ ಕೊಡಬೇಕೆಂದಿತು. ಮೇಲ್ಮನವಿಯಲ್ಲಿ ಅದು ಸುಮಾರು 40 ಲಕ್ಷಕ್ಕೆ ಇಳಿಯಿತು, ಆದರೆ ಸುದ್ದಿಯಾಗಿ ಉಳಿದದ್ದು ಮೊದಲ ಅಂಕಿ. ಪಂಪು ಹಿಡಿದವರೆಲ್ಲ ತಜ್ಞರಾದರು. ಉಚಿತ ತಪಾಸಣೆ ಎಂದು ಬಂದು, ಅಂಕಿ ತೋರಿಸಿ ಹೆದರಿಸಿ, ಸಾವಿರಾರು ಡಾಲರಿನ ಶುದ್ಧೀಕರಣಕ್ಕೆ ಸಹಿ ಹಾಕಿಸಿಕೊಳ್ಳುವ ದಂಧೆ ಹುಟ್ಟಿಕೊಂಡಿತು. ಟೆಕ್ಸಸ್ 2003ರಲ್ಲಿ ಪರವಾನಗಿ ಕಾನೂನು ತಂದಿತು, ನ್ಯೂಯಾರ್ಕಿನ ಕಾನೂನು 2016ರಲ್ಲಿ ಜಾರಿಗೆ ಬಂತು. ಈ ಎರಡರಲ್ಲೂ ಇರುವ ಒಂದು ನಿಯಮ ನನಗೆ ಉಳಿದೆಲ್ಲಕ್ಕಿಂತ ಮುಖ್ಯವೆನಿಸುತ್ತದೆ: ಒಂದೇ ಮನೆಯಲ್ಲಿ ತಪಾಸಣೆ ಮಾಡಿದವರೇ ಶುದ್ಧೀಕರಣದ ಗುತ್ತಿಗೆ ಹಿಡಿಯುವಂತಿಲ್ಲ.

ಹಾಗಾದರೆ ಒಳ್ಳೆಯ ತಪಾಸಕ ಏನು ಮಾಡುತ್ತಾನೆ? ಅವನು ಬೂಷ್ಟನ್ನು ಹುಡುಕುವ ಮೊದಲು ನೀರನ್ನು ಹುಡುಕುತ್ತಾನೆ. ಬೀಜಾಣು ಎಲ್ಲ ಮನೆಯಲ್ಲೂ ಇದೆ, ಮರ ಮತ್ತು ಕಾಗದ ಎಂಬ ಆಹಾರವೂ ಇದೆ, ಇಲ್ಲದ್ದು ನೀರೊಂದೇ. ನೆನೆದ ಗೋಡೆಯನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬೂಷ್ಟು ಸಾಮಾನ್ಯವಾಗಿ ತಲೆ ಎತ್ತುವುದಿಲ್ಲ. ಆದ್ದರಿಂದ ಅವನು ಮನೆಯೊಳಕ್ಕೆ ಬರುವ ಮೊದಲೇ ಹೊರಗೆ ಒಂದು ಸುತ್ತು ಹಾಕುತ್ತಾನೆ. ಸೂರಿನ ದೋಣಿಯ ನೀರು ಅಡಿಪಾಯದ ಬುಡಕ್ಕೇ ಬೀಳುತ್ತಿದೆಯೇ, ಅಂಗಳ ಮನೆಯ ಕಡೆಗೇ ಇಳಿಜಾರಾಗಿದೆಯೇ ಎಂದು ನೋಡುತ್ತಾನೆ. ಒಳಗೆ ಬಂದು ಕಾರ್ಪೆಟ್ಟಿನ ಮೂಲೆಯನ್ನು ಮೆಲ್ಲಗೆ ಎತ್ತುತ್ತಾನೆ. ಅಂಚಿನ ಪಟ್ಟಿಯ ಮೊಳೆಗಳು ತುಕ್ಕು ಹಿಡಿದಿದ್ದರೆ, ಗೋಡೆಗೆ ಹೊಸ ಬಣ್ಣ ಹೊಡೆದು ಮನೆ ಮಾರುತ್ತಿರುವವರು ಬಾಯಿಬಿಡದ ಸಂಗತಿಯನ್ನು ಆ ಮೊಳೆಗಳು ಹೇಳಿರುತ್ತವೆ. ಛಾವಣಿಯಡಿಯ ಅಟ್ಟಕ್ಕೆ ಹತ್ತಿ ಬಚ್ಚಲಿನ ಫ್ಯಾನಿನ ಕೊಳವೆ ಎಲ್ಲಿಗೆ ಹೋಗಿದೆ ಎಂದು ನೋಡುತ್ತಾನೆ. ಅದು ಹೊರಗೆ ತೆರೆಯುವ ಬದಲು ಅಟ್ಟದಲ್ಲೇ ಕೊನೆಗೊಂಡಿದ್ದರೆ ಇಡೀ ಚಳಿಗಾಲದ ಸ್ನಾನದ ಹಬೆ ಅಲ್ಲಿನ ಹಲಗೆಗಳಿಗೇ ಹೋಗಿದೆ.

ಅವನ ಕೈಯಲ್ಲಿ ಎರಡು ಸಲಕರಣೆ ಇರುತ್ತವೆ. ತೇವಮಾಪಕದ ಎರಡು ಸೂಜಿಗಳನ್ನು ಮರಕ್ಕೆ ಚುಚ್ಚಿದರೆ ನಡುವಿನ ವಿದ್ಯುತ್ ರೋಧವನ್ನು ಅದು ಅಳೆಯುತ್ತದೆ. ಒದ್ದೆ ಮರದಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ತೇವ 20 ಪ್ರತಿಶತ ದಾಟಿತೆಂದರೆ ಎಚ್ಚರವಾಗಬೇಕು. ಇನ್ನೊಂದು ಉಷ್ಣ ಕ್ಯಾಮೆರಾ. ಅದು ತೇವವನ್ನು ಕಾಣುವುದಿಲ್ಲ, ತಾಪ ವ್ಯತ್ಯಾಸವನ್ನಷ್ಟೇ ಕಾಣುತ್ತದೆ. ನೀರು ಆರುತ್ತಿರುವ ಜಾಗ ತಣ್ಣಗಿರುವುದರಿಂದ ನೀಲಿ ಕಲೆಯಾಗಿ ಕಾಣುತ್ತದೆ. ಗೋಡೆಯೊಳಗೆ ಶಾಖನಿರೋಧಕ ಹತ್ತಿ ಜರುಗಿದ್ದರೂ ಅದೇ ನೀಲಿ. ಹಾಗಾಗಿ ಕಲೆ ಕಂಡಲ್ಲೆಲ್ಲ ಸೂಜಿ ಚುಚ್ಚಿ ನೋಡಲೇಬೇಕು.

ನ್ಯೂಜೆರ್ಸಿಯ ಬೇಸ್‌ಮೆಂಟಿನಲ್ಲಿ ಸೋರಿಕೆ ಎಲ್ಲಿಯೂ ಸಿಗದಿರಬಹುದು. ಜುಲೈಯಲ್ಲಿ ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್, ತೇವಾಂಶ 70 ಪ್ರತಿಶತ ಎಂದುಕೊಳ್ಳಿ. ಆ ಗಾಳಿ ಸುಮಾರು 24 ಡಿಗ್ರಿಗೆ ತಣಿದರೆ ಸಾಕು, ನೀರಾಗಿ ಇಳಿಯುತ್ತದೆ. ನೆಲದಡಿಯ ಗೋಡೆ ಇರುವುದು 18 ಡಿಗ್ರಿಯಲ್ಲಿ. ‘ಮುಗ್ಗಲು ವಾಸನೆ ಹೋಗಲಿ, ಗಾಳಿಯಾಡಲಿ’ ಎಂದು ಮನೆಯವರು ಕಿಟಕಿ ತೆರೆದಿಡುತ್ತಾರೆ. ಪ್ರತಿ ಬೀಸಿಗೂ ಗೋಡೆಗೆ ಇನ್ನಷ್ಟು ನೀರು ಕುಡಿಸಿದಂತಾಗುತ್ತದೆ. ಅಲ್ಲಿ ಬೇಕಾದದ್ದು ಕಿಟಕಿ ಮುಚ್ಚಿ ತೇವ ಹೀರುವ ಯಂತ್ರ ಹಾಕುವುದು.

ಮುಗ್ಗಲು ವಾಸನೆಯನ್ನೂ ಹಗುರವಾಗಿ ಕಾಣುವಂತಿಲ್ಲ. ಬೂಷ್ಟು ಮತ್ತು ಅದರ ಜೊತೆ ಬೆಳೆಯುವ ಬ್ಯಾಕ್ಟೀರಿಯಾಗಳು ಬಿಡುವ ಅನಿಲಗಳು ಗೋಡೆಯ ಸಂದಿಯಿಂದ ನುಸುಳಿ ಬರುತ್ತವೆ, ಬೀಜಾಣು ಬಾರದಿದ್ದರೂ. ಅವುಗಳಲ್ಲೊಂದು ಜಿಯೊಸ್ಮಿನ್, ಮೊದಲ ಮಳೆಯ ಮಣ್ಣಿನ ವಾಸನೆಗೆ ಕಾರಣವಾದದ್ದೇ. ಲಕ್ಷಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಫಿನ್ಲೆಂಡಿನ ಎಸ್ಪೂ ನಗರದಲ್ಲಿ ಮಕ್ಕಳನ್ನು 6 ವರ್ಷ ಹಿಂಬಾಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರಂಭದಲ್ಲಿ ಬೂಷ್ಟಿನ ವಾಸನೆ ಇದ್ದ ಮನೆಯ ಮಕ್ಕಳಿಗೆ ಅಸ್ತಮಾ ಬರುವ ಸಂಭವ ಎರಡು ಪಟ್ಟಿಗೂ ಹೆಚ್ಚಿತ್ತು. ಕಾಸು ಖರ್ಚಿಲ್ಲದ ಉಪಕರಣ, ಮುಖದ ನಡುವೆಯೇ ಇದೆ. ಅಮೆರಿಕದ ಔದ್ಯೋಗಿಕ ಸುರಕ್ಷಾ ಸಂಶೋಧನಾ ಸಂಸ್ಥೆ ನಿಯೋಶ್ ಶಾಲೆ ಕಚೇರಿಗಳಿಗೆಂದು ಸಿದ್ಧಪಡಿಸಿದ ತಪಾಸಣಾ ಪಟ್ಟಿಯಲ್ಲೂ ಪಂಪಿಗೆ ಜಾಗವಿಲ್ಲ. ಕೋಣೆಯಿಂದ ಕೋಣೆಗೆ ಹೋಗಿ ಕಲೆ, ಒದ್ದೆ, ವಾಸನೆಗಳಿಗೆ ಅಂಕ ಕೊಡುವುದೇ ಅದರ ಕ್ರಮ.

ಪಂಪು ಪೂರ್ತಿ ದಂಡ ಎನ್ನಲಾರೆ. ಶುದ್ಧೀಕರಣ ಮುಗಿದ ಮೇಲೆ ಕೆಲಸ ಸರಿಯಾಗಿದೆಯೇ ಎಂದು ನೋಡಲು, ವಾಸನೆ ಇದ್ದೂ ಮೂಲ ಸಿಗದಾಗ ಕೋಣೆಗಳನ್ನು ಒಂದಕ್ಕೊಂದು ಹೋಲಿಸಲು, ನ್ಯಾಯಾಲಯಕ್ಕೆ ದಾಖಲೆ ಒದಗಿಸಲು ಅದು ನೆರವಾಗುತ್ತದೆ. ಕಣ್ಣಿಗೆ ಬೂಷ್ಟು ಕಾಣುತ್ತಿದ್ದರೆ ಮಾತ್ರ ಹೆಚ್ಚಿನ ಸಂದರ್ಭಗಳಲ್ಲಿ ಪರೀಕ್ಷೆಯೇ ಬೇಡ ಎಂದು ಇಪಿಎ ಹೇಳುತ್ತದೆ. ಸುಮಾರು 10 ಚದರ ಅಡಿಯೊಳಗಿನದನ್ನು ಮನೆಯವರೇ ತೆಗೆಯಬಹುದು ಎನ್ನುತ್ತದೆ. ಬ್ಲೀಚ್ ಸುರಿದು ಸಾಯಿಸಿದರೆ ಮುಗಿಯುವುದಿಲ್ಲ, ಸತ್ತ ಬೂಷ್ಟೂ ಅಲರ್ಜಿ ತರುತ್ತದೆ. ಉಜ್ಜಿ ತೆಗೆದು ಒಣಗಿಸಬೇಕು. ಧೂಳಿನಲ್ಲಿರುವ 36 ಬಗೆಯ ಬೂಷ್ಟಿನ ಡಿಎನ್‌ಎ ಅಳೆಯುವ ‘ಅರ್ಮಿ’ ಎಂಬ ಪರೀಕ್ಷೆಯನ್ನು ರೂಪಿಸಿದ್ದು ಇದೇ ಇಪಿಎ ವಿಜ್ಞಾನಿಗಳು. ಅದು ಸಂಶೋಧನೆಗೆ ಮಾತ್ರ ಎಂದು ಸಂಸ್ಥೆ ಹೇಳಿದರೂ ಮಾರುಕಟ್ಟೆಯಲ್ಲಿ ಮನೆಮನೆಗೆ ಮಾರಾಟವಾಗುತ್ತಿದೆ.

ಇಂಗ್ಲೆಂಡಿನದು ಬೇರೆ ಅನುಭವ. ರೋಚ್‌ಡೇಲ್‌ನ ಬಾಡಿಗೆ ಫ್ಲ್ಯಾಟಿನಲ್ಲಿದ್ದ 2 ವರ್ಷದ ಅವಾಬ್ ಇಶಾಕ್ 2020ರ ಡಿಸೆಂಬರಿನಲ್ಲಿ ತೀರಿಕೊಂಡ. ಬೂಷ್ಟಿನ ನಡುವೆ ದೀರ್ಘಕಾಲ ಬದುಕಿದ್ದರಿಂದ ಬಂದ ಉಸಿರಾಟದ ರೋಗವೇ ಕಾರಣ ಎಂದು 2022ರಲ್ಲಿ ಮರಣ ವಿಚಾರಣಾಧಿಕಾರಿ ತೀರ್ಪಿತ್ತರು. ತಂದೆತಾಯಿ ವರ್ಷಗಳಿಂದ ದೂರುತ್ತಲೇ ಇದ್ದರು. ಅಡುಗೆ, ಸ್ನಾನದಂಥ ‘ಜೀವನಶೈಲಿ’ಯೇ ಕಾರಣವೆಂದು ಬೆರಳು ಅವರ ಕಡೆಗೇ ತಿರುಗಿತ್ತು. ಆ ಗೋಡೆ ನೋಡಿದವರಿಗೆ ಪಂಪು ಬೇಕಿರಲಿಲ್ಲ. ಈಗ ಆ ಮಗುವಿನ ಹೆಸರಿನ ಕಾನೂನು ಬಂದಿದೆ. 2025ರ ಅಕ್ಟೋಬರಿನಿಂದ ಸಾಮಾಜಿಕ ವಸತಿಯ ಮಾಲೀಕರು ಗಂಭೀರ ತೇವ, ಬೂಷ್ಟಿನ ದೂರನ್ನು 10 ಕೆಲಸದ ದಿನಗಳೊಳಗೆ ತನಿಖೆ ಮಾಡಲೇಬೇಕು, ತುರ್ತಿದ್ದರೆ 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು.

ಪಂಪನ್ನು ಆಷಾಢದ ಆಗುಂಬೆಗೆ ತಂದರೆ ಏನಾದೀತು? ಬೆಲ್ಟು, ಚಪ್ಪಲಿ, ಪುಸ್ತಕದ ಬೆನ್ನು ಎಲ್ಲಕ್ಕೂ ಬೂಷ್ಟು ಹಿಡಿಯುವ ಆ ತಿಂಗಳಲ್ಲಿ, ಮನೆಯ ಸುತ್ತ ತೋಟ, ಗೊಬ್ಬರದ ಗುಂಡಿ, ಕೊಳೆತ ದರಗು. ಹೊರಗಿನ ಗಾಳಿಯೇ ಬೀಜಾಣುಮಯವಾಗಿರುವಾಗ ಒಳಗಿನದಕ್ಕೆ ಹೋಲಿಸಿದರೆ ಯಾವ ಮನೆಯೂ ಪಾಸಾಗಿಬಿಡುತ್ತದೆ. ಹೆಂಚಿನ ಸಂದಿಯಿಂದ ಗಾಳಿಯಾಡುವ, ಒಲೆಯ ಹೊಗೆ ಅಟ್ಟವನ್ನು ಒಣಗಿಸುವ ಹಳೆಯ ಮನೆ ಈ ತೇವದೊಂದಿಗೆ ಹೇಗೋ ಬಾಳುತ್ತಿತ್ತು. ಮಂಗಳೂರಿನ ಫ್ಲ್ಯಾಟಿನಲ್ಲಿ ಈಗ ಕಾಣುವುದು ನ್ಯೂಜೆರ್ಸಿಯ ಬೇಸ್‌ಮೆಂಟಿನದೇ ಲೆಕ್ಕ. ಮಲಗುವ ಕೋಣೆಯ ಎಸಿ 18ಕ್ಕೆ ಇಟ್ಟರೆ ನಡುಗೋಡೆ ತಣ್ಣಗಾಗುತ್ತದೆ, ಆಚೆ ಕೋಣೆಯ ಮಳೆಗಾಲದ ಗಾಳಿ ಅದಕ್ಕೆ ತಾಗಿ ಬೆವರುತ್ತದೆ, ಆ ಗೋಡೆಗೆ ಒತ್ತಿ ನಿಲ್ಲಿಸಿದ ಬೀರುವಿನೊಳಗಿನ ರೇಷ್ಮೆ ಸೀರೆಗೆ ಚುಕ್ಕೆ ಬೀಳುತ್ತದೆ. ಮನೆಯವರು ಪೈಪು ಸೋರುತ್ತಿದೆಯೆಂದು ಮೇಲಿನ ಮನೆಯವರೊಡನೆ ಜಗಳ ತೆಗೆಯುತ್ತಾರೆ. ಜಗಳಕ್ಕೆ ಮೊದಲು ಮಾಡಬಹುದಾದ ಪರೀಕ್ಷೆಯೊಂದಿದೆ. ಬೀರುವನ್ನು ಸರಿಸಿ, ಗೋಡೆಯನ್ನು ಒರೆಸಿ ಆರಲು ಬಿಟ್ಟು, ಒಂದಡಿ ಅಗಲದ ಅಡುಗೆಮನೆಯ ಫಾಯಿಲ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಹೊರಮೈ ಒದ್ದೆಯಾಗಿದ್ದರೆ ನೀರು ಕೋಣೆಯ ಗಾಳಿಯದು; ಎಸಿಯನ್ನು 26ಕ್ಕೆ ಏರಿಸಿ ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದೆ ತಂದರಾಯಿತು. ಹಾಳೆಯ ಒಳಮೈ, ಗೋಡೆಗೆ ಅಂಟಿದ ಕಡೆ, ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದಲೇ ಒಸರುತ್ತಿದೆ. ಆಗ ಪ್ಲಂಬರನ್ನು ಕರೆಯಿರಿ.