ನಾಯಿ ತರುವ ಮುನ್ನ, ನಾಯಿ ಬಿಡುವ ಮುನ್ನ

ಊರಿನ ಮನೆಯಲ್ಲಿ ಬೆಕ್ಕುಗಳು ಹೆಚ್ಚಾದರೆ ನಮ್ಮಜ್ಜಿ ಗೋಣಿಚೀಲ ಹುಡುಕುತ್ತಿದ್ದರು. ಬೆಕ್ಕನ್ನು ಅದರೊಳಗೆ ಹಾಕಿ, ಬಾಯಿ ಕಟ್ಟಿ, ಹೊಳೆಯಾಚೆ ಬಿಟ್ಟು ಬರಲು ಆಳನ್ನು ಕಳಿಸುತ್ತಿದ್ದರು. ಎರಡು ದಿನ ಬಿಟ್ಟು ನೋಡಿದರೆ ಅದೇ ಬೆಕ್ಕು ಒಲೆಯ ಪಕ್ಕ ಕೂತಿರುತ್ತಿತ್ತು. ನಮಗದು ನಗುವ ಸಂಗತಿ. ಈಗ ಪೇಟೆಯಲ್ಲಿ ಅದೇ ಕೆಲಸ ಕಾರಿನಲ್ಲಿ ನಡೆಯುತ್ತದೆ. ರಿಂಗ್ ರಸ್ತೆಯ ಅಂಚಿನಲ್ಲಿ ಕಾರು ನಿಲ್ಲಿಸಿ, ಕೊರಳಪಟ್ಟಿ ಬಿಚ್ಚಿ, ಲ್ಯಾಬ್ರಡಾರನ್ನು ಇಳಿಸಿ ಹೊರಟುಬಿಡುತ್ತಾರೆ. ಅದಕ್ಕೆ ವಾಪಸು ಬರುವ ದಾರಿ ಗೊತ್ತಿರುವುದಿಲ್ಲ.

ಹೀಗೆ ಬಿಡಬೇಕಾಗಿಲ್ಲ. ಸಾಕಲಾಗದವರು ಒಪ್ಪಿಸಲು, ಸಾಕಬೇಕೆನ್ನುವವರು ದತ್ತು ಪಡೆಯಲು ಒಂದು ಜಾಗವಿದೆ. ಅದಕ್ಕೆ ಶೆಲ್ಟರ್ ಎನ್ನುತ್ತಾರೆ, ಅಂದರೆ ಪ್ರಾಣಿಗಳ ಆಶ್ರಯಧಾಮ. ನಾನು ಅಲ್ಲಿ ಎರಡೂ ಕೆಲಸಕ್ಕೆ ಹೋಗಿ ನಿಂತವನು. ಆರು ವರ್ಷದ ಹಿಂದೆ ಒಂದು ಕಂತ್ರಿ ನಾಯಿಯನ್ನು ಮನೆಗೆ ತಂದೆ. ಮೂರು ವರ್ಷದ ಹಿಂದೆ ಪಕ್ಕದ ಮನೆಯ ರಾಯರು ತೀರಿಕೊಂಡಾಗ ಅವರ ಪಾಮೆರೇನಿಯನ್ ನಾಯಿಯನ್ನು ಒಪ್ಪಿಸಲು ಹೋದೆ. ತರುವಾಗ ಕೇಳಿದ ಪ್ರಶ್ನೆಗಳಿಂದ ಸಿಟ್ಟು ಬಂದಿತ್ತು. ಬಿಡಲು ಹೋದ ದಿನ ಆ ಪ್ರಶ್ನೆಗಳು ಎಲ್ಲಿಂದ ಹುಟ್ಟಿದವು ಎಂದು ತಿಳಿಯಿತು.

ಶೆಲ್ಟರ್‌ಗಳಲ್ಲಿ ಹೆಚ್ಚಿನವು ಟ್ರಸ್ಟ್‌ಗಳು. ಜನರ ದೇಣಿಗೆಯಿಂದ ನಡೆಯುತ್ತವೆ. ಅಲ್ಲಿರುವುದು ಬರೀ ಬೀದಿನಾಯಿಗಳೇ ಎಂದು ತಿಳಿಯಬೇಡಿ. ಬೈಕಿಗೆ ಸಿಕ್ಕಿ ಕಾಲು ಮುರಿದುಕೊಂಡ ನಾಯಿ ಇರುತ್ತದೆ. ರಟ್ಟಿನ ಡಬ್ಬದಲ್ಲಿ ತಂದು ಗೇಟಿನ ಹೊರಗೆ ಇಟ್ಟುಹೋದ ಮರಿಗಳಿರುತ್ತವೆ, ಬಹುಪಾಲು ಹೆಣ್ಣುಮರಿಗಳು. ಗಂಡುಮರಿಯನ್ನು ಯಾರಾದರೂ ಎತ್ತಿಕೊಂಡು ಹೋಗಿರುತ್ತಾರೆ. ಮರಿ ಹಾಕಿಸಿ ಹಾಕಿಸಿ ಸವೆದ ಮೇಲೆ ಬ್ರೀಡರ್, ಅಂದರೆ ಜಾತಿನಾಯಿಯ ಮರಿ ಮಾಡಿಸಿ ಮಾರುವವನು, ಹೊರಗೆ ಅಟ್ಟಿದ ತಾಯಿನಾಯಿ ಇರುತ್ತದೆ. ಒಂದು ಹೆಣ್ಣುನಾಯಿಯಿಂದ ಅದರ ಜೀವಮಾನದಲ್ಲಿ 5 ಸಲಕ್ಕಿಂತ ಹೆಚ್ಚು ಮರಿ ಹಾಕಿಸಬಾರದು ಎಂದು 2017ರ ಕೇಂದ್ರದ ನಿಯಮ ಹೇಳುತ್ತದೆ. ಆ ನಾಯಿಗಳ ಜೋತುಬಿದ್ದ ಹೊಟ್ಟೆ ಬೇರೆ ಲೆಕ್ಕ ಹೇಳುತ್ತದೆ.

ಇನ್ನು ಆಸೆಪಟ್ಟು ತಂದು ಸಾಕಾಗಿ ಬಿಟ್ಟವು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಹಿಂದೆ ಓಡಿದ ಪಗ್ ನಾಯಿ ನೆನಪಿದೆಯಲ್ಲ? ಅದು ಬಂದ ಮೇಲೆ ಎಲ್ಲರಿಗೂ ಪಗ್ ಬೇಕಾಯಿತು. ಮೂತಿ ಚಪ್ಪಟೆಯಾಗಿರುವ ಆ ತಳಿಗೆ ಉಸಿರಾಟದ ತೊಂದರೆ ಹುಟ್ಟಿನಿಂದಲೇ ಬಂದದ್ದು. ಜಾಹೀರಾತಿನಲ್ಲಿ ಗೊರಕೆ ಕೇಳಿಸುವುದಿಲ್ಲ. ಹಿಮದ ನಾಡಿನ ಹಸ್ಕಿಯನ್ನು ತಂದು ಏಪ್ರಿಲ್ ಬಿಸಿಲಿನಲ್ಲಿ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕಟ್ಟುವವರೂ ಇದ್ದಾರೆ. 2022ರಲ್ಲಿ ಬಂದ ‘777 ಚಾರ್ಲಿ’ ಸಿನಿಮಾ ಮರಿ ಮಾಡಿಸಿ ಮಾರುವವರ ಕ್ರೌರ್ಯವನ್ನೇ ತೋರಿಸಿತು. ಅದನ್ನು ನೋಡಿ ಕಣ್ಣೊರೆಸಿಕೊಂಡು ಹೊರಬಂದವರಲ್ಲಿ ಕೆಲವರು, ನನಗೇ ಗೊತ್ತಿರುವವರು, ಲ್ಯಾಬ್ರಡಾರ್ ಮರಿಯ ರೇಟು ವಿಚಾರಿಸಿದರು.

ಈಗ ದತ್ತಿನ ಕ್ರಮ. ಮೊದಲು ಫೋನ್ ಮಾಡಿ ಹೋಗುವ ದಿನ ಗೊತ್ತುಮಾಡಿಕೊಳ್ಳಬೇಕು. ಹೋದ ದಿನವೇ ನಾಯಿಯನ್ನು ಕೈಗೆ ಕೊಡುವುದಿಲ್ಲ. ಮನೆಮಂದಿಯೆಲ್ಲ ಬಂದು ನೋಡಿ ಎನ್ನುತ್ತಾರೆ. ಅರ್ಜಿ ತುಂಬಿಸಿಕೊಳ್ಳುತ್ತಾರೆ. ಆಧಾರ್ ಪ್ರತಿ ಕೇಳುತ್ತಾರೆ. ಆಮೇಲೆ ಹೋಮ್ ಚೆಕ್ ಇರುತ್ತದೆ, ಅಂದರೆ ಯಾರಾದರೂ ನಿಮ್ಮ ಮನೆಗೆ ಬಂದು ಗೇಟು, ಬಾಲ್ಕನಿ, ಟೆರೇಸು ನೋಡಿ ಹೋಗುತ್ತಾರೆ. ಕೆಲವರು ವಿಡಿಯೊ ಕರೆಯಲ್ಲೇ ನೋಡುತ್ತಾರೆ. ಎಲ್ಲ ಸರಿಯಿದ್ದರೆ ಒಪ್ಪಂದಕ್ಕೆ ಸಹಿ. ಮರಿಯಾದರೆ ವಯಸ್ಸಿಗೆ ಬಂದಾಗ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸುತ್ತೇನೆ, ಮಾರುವುದಿಲ್ಲ, ಸಾಕಲಾಗದಿದ್ದರೆ ಬೇರೆಯವರಿಗೆ ದಾಟಿಸದೆ ನಿಮಗೇ ತಂದೊಪ್ಪಿಸುತ್ತೇನೆ ಎಂದು ಅದರಲ್ಲಿರುತ್ತದೆ. ಈ ಕೊನೆಯ ಸಾಲನ್ನು ಎರಡು ಸಲ ಓದಿ. ಇದು ನಿಮಗೂ ಒಳ್ಳೆಯದು, ಮುಂದೆ ಕಷ್ಟ ಬಂದರೆ ಹೋಗಲು ಒಂದು ಬಾಗಿಲು ತೆರೆದಿರುತ್ತದೆ.

‘ಬೇಡದ ನಾಯಿಯನ್ನು ಕೊಡಲು ಇಷ್ಟೊಂದು ಪಂಚಾಯಿತಿಯೇ?’ ಎಂದು ನಿಮಗನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆದರೆ ಆ ಅರ್ಜಿಯ ಒಂದೊಂದು ಪ್ರಶ್ನೆಯ ಹಿಂದೆ ವಾಪಸು ಬಂದ ನಾಯಿಗಳ ಸಾಲೇ ಇದೆ. ಸ್ವಂತ ಮನೆಯೋ ಬಾಡಿಗೆಯೋ ಎಂದು ಕೇಳುವುದು ಓನರ್ ಬೇಡವೆಂದರು ಎಂದು ತಂದು ಬಿಟ್ಟವರಿಂದ. ಮನೆಯಲ್ಲಿ ಎಲ್ಲರ ಒಪ್ಪಿಗೆ ಇದೆಯೇ ಎಂಬುದು ಅತ್ತೆಯ ಮಡಿಗೆ ಅಡ್ಡಬಂತು ಎಂದು ಎಂಟೇ ದಿನಕ್ಕೆ ತಂದು ಬಿಟ್ಟವರಿಂದ. ದಿನಕ್ಕೆ ಎಷ್ಟು ಹೊತ್ತು ಒಂಟಿಯಾಗಿರುತ್ತದೆ ಎಂಬುದು, ಲಾಕ್‌ಡೌನ್‌ನಲ್ಲಿ ಮನೆಯಿಂದಲೇ ಕೆಲಸ ಮಾಡುವಾಗ ತಂದು ಆಫೀಸು ಶುರುವಾದ ಮೇಲೆ ಬಿಟ್ಟವರಿಂದ. ಅರ್ಜಿ ತುಂಬುವಾಗ ಈ ಪ್ರಶ್ನೆಗಳನ್ನು ಹೀಗೇ ತಿರುಗಿಸಿ ಓದಿಕೊಳ್ಳಿ: ಬಿಡಲು ಬಂದರೆ ನಾನು ಯಾವ ಕಾರಣ ಹೇಳುತ್ತಿದ್ದೆ? ಉತ್ತರ ಥಟ್ಟನೆ ಹೊಳೆದರೆ ಆ ವಿಷಯವನ್ನು ಮೊದಲು ಬಗೆಹರಿಸಿಕೊಂಡು ಆಮೇಲೆ ಹೋಗಿ.

ಕೆಲವೆಡೆ ಇದು ಅತಿಯಾಗುತ್ತದೆ ಎಂಬುದೂ ನಿಜ. ಮದುವೆಯಾಗಿಲ್ಲ, ಬಾಡಿಗೆ ರೂಮು ಎಂಬ ಕಾರಣಕ್ಕೆ ಒಳ್ಳೆಯ ಹುಡುಗ ಹುಡುಗಿಯರನ್ನು ಬಾಗಿಲಲ್ಲೇ ಕಳಿಸಿಬಿಡುತ್ತಾರೆ. ಹಾಗಾದರೆ ಬೇಜಾರು ಮಾಡಿಕೊಳ್ಳಬೇಡಿ. ಫಾಸ್ಟರ್ ಆಗುತ್ತೇನೆ ಎಂದು ಕೇಳಿ ನೋಡಿ. ಅಂದರೆ ದತ್ತು ಸಿಗುವವರೆಗೆ ಕೆಲವು ವಾರ ಮಾತ್ರ ಮನೆಯಲ್ಲಿ ಇಟ್ಟುಕೊಳ್ಳುವುದು. ನಿಮಗೂ ಅಭ್ಯಾಸವಾಗುತ್ತದೆ, ಅವರಿಗೂ ನಂಬಿಕೆ ಬರುತ್ತದೆ.

ನಾಯಿ ಮನೆಗೆ ಬಂತು. ಇಲ್ಲಿಯೇ ಹೆಚ್ಚಿನವರು ಎಡವುವುದು. ಶೆಲ್ಟರ್‌ನವರು ಮೂರು-ಮೂರು-ಮೂರು ಎಂಬ ಲೆಕ್ಕ ಹೇಳುತ್ತಾರೆ. ಮೊದಲ 3 ದಿನ ಹೆದರಿಕೆ, 3 ವಾರದಲ್ಲಿ ಮನೆಯ ಕ್ರಮ ಅರ್ಥವಾಗುತ್ತದೆ, 3 ತಿಂಗಳಲ್ಲಿ ಇದು ನನ್ನ ಮನೆ ಎನ್ನಿಸುತ್ತದೆ. ಇದು ಪಂಚಾಂಗದ ಮುಹೂರ್ತವಲ್ಲ, ಅಂದಾಜು. ನಮ್ಮ ನಾಯಿ ಮೊದಲ ಎರಡು ದಿನ ಮಂಚದ ಕೆಳಗಿಂದ ಬರಲೇ ಇಲ್ಲ. ತಟ್ಟೆಗೆ ಮೂತಿ ಹಾಕಲಿಲ್ಲ. ಮೂರನೇ ರಾತ್ರಿ ಎಲ್ಲರೂ ಮಲಗಿದ ಮೇಲೆ ಬಂದು ತಿಂದು, ತಟ್ಟೆಯನ್ನೇ ಎಳೆದುಕೊಂಡು ಮಂಚದಡಿಗೆ ಹೋಯಿತು. ವಾಪಸು ಬರುವ ನಾಯಿಗಳಲ್ಲಿ ಎಷ್ಟೋ ಈ ಮೊದಲ ವಾರದವೇ. ‘ಹೊಂದಿಕೊಳ್ಳುತ್ತಿಲ್ಲ’ ಎನ್ನುತ್ತಾರೆ. ಹೊಂದಿಕೊಳ್ಳಲು ಅದಕ್ಕೆ ಪುರುಸೊತ್ತು ಎಲ್ಲಿ ಸಿಕ್ಕಿತು? ಆ ವಾರ ನೆಂಟರನ್ನು ಕರೆಯಬೇಡಿ. ಸ್ನಾನ ಮಾಡಿಸುವ ಅವಸರ ಬೇಡ. ದೀಪಾವಳಿ ಹತ್ತಿರವಿದ್ದರೆ ಹಬ್ಬ ಕಳೆದ ಮೇಲೆ ತನ್ನಿ. ಪಟಾಕಿಗೆ ಬೆದರಿ ಓಡಿದ ಹೊಸ ನಾಯಿಗೆ ನಿಮ್ಮ ಮನೆ ಯಾವುದೆಂದೇ ತಿಳಿದಿರುವುದಿಲ್ಲ.

ಎರಡು ದಿನದೊಳಗೆ ಪಶುವೈದ್ಯರಿಗೆ ತೋರಿಸಿ. ಹತ್ತಾರು ಪ್ರಾಣಿಗಳಿರುವ ಜಾಗದಿಂದ ಬಂದದ್ದರಿಂದ ಉಣ್ಣಿ ಜ್ವರ, ಮರಿಯಾದರೆ ಪಾರ್ವೊ ಎಂಬ ರಕ್ತಭೇದಿ ರೋಗದ ಭಯವಿರುತ್ತದೆ. ಪಾರ್ವೊ ವೈರಸ್ ಮೈಸೇರಿ ವಾಂತಿ ಭೇದಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 3ರಿಂದ 7 ದಿನ ಹಿಡಿಯುತ್ತದೆ. ಆದ್ದರಿಂದ ಶೆಲ್ಟರ್‌ನಲ್ಲಿ ಚೆನ್ನಾಗಿದ್ದ ಮರಿ ಮನೆಗೆ ಬಂದ ಮೇಲೆ ಮಂಕಾದರೆ ಅವರು ಮೋಸ ಮಾಡಿದರು ಎಂದುಕೊಳ್ಳಬೇಡಿ, ಓಡಿ. ಮರಿಗಳಿಗೆ 6ರಿಂದ 8 ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಇನ್ನೆರಡು ಸಲ. ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಊಟಕ್ಕೆ ಅನ್ನ, ಮೊಟ್ಟೆ, ಬೇಯಿಸಿದ ಕೋಳಿ ಆಗುತ್ತದೆ. ಈರುಳ್ಳಿ ಹಾಕಿದ ಸಾರು ಬೇಡ, ಅದು ನಾಯಿಯ ರಕ್ತವನ್ನು ಕೆಡಿಸುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ವಿಷವೇ. ಮಗು ಪಾಯಸದಲ್ಲಿ ಆರಿಸಿಟ್ಟ ದ್ರಾಕ್ಷಿಯ ಮೇಲೆ ಕಣ್ಣಿರಲಿ.

ಖರ್ಚೆಷ್ಟು? ಶೆಲ್ಟರ್‌ನಲ್ಲಿ ನಾಯಿಗೆ ಬೆಲೆ ಎಂದು ಇರುವುದಿಲ್ಲ. ಕೆಲವರು ಲಸಿಕೆ, ಶಸ್ತ್ರಕ್ರಿಯೆಗೆಂದು ಶುಲ್ಕ ಪಡೆಯುತ್ತಾರೆ, ಕೆಲವರು ದೇಣಿಗೆಯ ಡಬ್ಬ ತೋರಿಸುತ್ತಾರೆ. ನಿಜವಾದ ಖರ್ಚು ಆಮೇಲೆ. ನಮ್ಮ ಮನೆಯ ಲೆಕ್ಕ ಹೇಳುತ್ತೇನೆ, ಹದಿನೆಂಟು ಕಿಲೊ ನಾಯಿ. ಊಟಕ್ಕೆ ತಿಂಗಳಿಗೆ ಎರಡೂವರೆ ಸಾವಿರ. ಲಸಿಕೆ, ಜಂತಿನ ಮಾತ್ರೆ, ಉಣ್ಣಿಯ ಔಷಧಿ ಸೇರಿ ವರ್ಷಕ್ಕೆ ಐದಾರು ಸಾವಿರ. ಊರಿಗೆ ಹೋದಾಗ ಬೋರ್ಡಿಂಗ್‌ನಲ್ಲಿ, ಅಂದರೆ ನಾಯಿಗಳ ತಂಗುಮನೆಯಲ್ಲಿ, ದಿನಕ್ಕೆ ಏಳುನೂರು. ಒಮ್ಮೆ ಉಣ್ಣಿ ಜ್ವರ ಬಂದು ರಕ್ತಪರೀಕ್ಷೆ, ಡ್ರಿಪ್ ಎಂದು ಒಂಬತ್ತು ಸಾವಿರ ಎದ್ದಿತು. ಸರ್ಕಾರಿ ಪಶು ಆಸ್ಪತ್ರೆಗೆ ಹೋದರೆ ಹೊರೆ ಇಳಿಯುತ್ತದೆ. ಸೆಪ್ಟೆಂಬರ್ 28, ವಿಶ್ವ ರೇಬಿಸ್ ದಿನದ ಆಸುಪಾಸಿನಲ್ಲಿ ಅನೇಕ ಕಡೆ ರೇಬಿಸ್ ಲಸಿಕೆ ಉಚಿತವಾಗಿ ಹಾಕುತ್ತಾರೆ, ವಿಚಾರಿಸಿ.

ಇನ್ನು ಬಿಡುವ ಮಾತು. ಇದಕ್ಕೆ ಸರೆಂಡರ್ ಎನ್ನುತ್ತಾರೆ, ಬರೆದುಕೊಟ್ಟು ಒಪ್ಪಿಸುವುದು. ಬಿಡುವವರೆಲ್ಲ ಕಟುಕರಲ್ಲ. ಸಾವು, ಕಾಯಿಲೆ, ಸಾಲ ಯಾರ ಮನೆಗೂ ಬರಬಹುದು. ಆದರೆ ಕೆಲವು ಕಾರಣಗಳಿಗೆ ಬೇರೆ ಮದ್ದಿದೆ. ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಬೇಡವೆಂದಿದೆಯೇ? ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲೇ ಹೇಳಿದೆ. ಮನೆಯಲ್ಲಿ ಬಸುರಿ ಇದ್ದಾಳೆ, ಬೆಕ್ಕು ಬೇಡ ಎನ್ನುತ್ತಾರೆಯೇ? ಭಯ ಟಾಕ್ಸೊಪ್ಲಾಸ್ಮೋಸಿಸ್ ಎಂಬ ಸೋಂಕಿನದು. ಅದರ ಪರೋಪಜೀವಿ ಬೆಕ್ಕಿನ ಮಲದಲ್ಲಿ ಬಂದರೂ ಸೋಂಕು ಹಬ್ಬಿಸುವ ಶಕ್ತಿ ಬರಲು ಕನಿಷ್ಠ ಒಂದು ದಿನ ಬೇಕು. ಮರಳಿನ ತಟ್ಟೆಯನ್ನು ಬೇರೆಯವರು ದಿನಾ ತೆಗೆದರೆ ಆಯಿತು. ಸರಿಯಾಗಿ ಬೇಯದ ಮಾಂಸ, ತೊಳೆಯದ ತರಕಾರಿಯಿಂದಲೂ ಅದೇ ಸೋಂಕು ಬರುತ್ತದೆ. ಸಾಧುನಾಯಿ ಇದ್ದಕ್ಕಿದ್ದಂತೆ ಗುರ್ ಎನ್ನತೊಡಗಿತೇ? ಕಿವಿ, ಹಲ್ಲು, ಸೊಂಟ ಎಲ್ಲಾದರೂ ನೋಯುತ್ತಿರಬಹುದು, ಮೊದಲು ಡಾಕ್ಟರಿಗೆ ತೋರಿಸಿ. ಅಮೆರಿಕಕ್ಕೆ ಹೊರಟಿದ್ದೀರಾ? ನಾಯಿಯೂ ಹೋಗಬಹುದು. 2024ರ ಆಗಸ್ಟ್‌ನಿಂದ ಭಾರತದಂಥ ದೇಶಗಳ ನಾಯಿಗೆ ಕನಿಷ್ಠ 6 ತಿಂಗಳ ವಯಸ್ಸು, ರೇಬಿಸ್ ಲಸಿಕೆಯ ದಾಖಲೆ, ಮೈಕ್ರೋಚಿಪ್ ಬೇಕು. ಮೈಕ್ರೋಚಿಪ್ ಎಂದರೆ ಅಕ್ಕಿಕಾಳಿನಷ್ಟು ಗಾತ್ರದ, ಚರ್ಮದಡಿ ಕೂರಿಸುವ, ಗುರುತಿನ ಸಂಖ್ಯೆಯಿರುವ ಚಿಪ್. ಖರ್ಚು ಹೆಚ್ಚು, ಸಿದ್ಧತೆಗೆ ತಿಂಗಳುಗಳು ಬೇಕು. ವೀಸಾ ಕೈಗೆ ಬಂದ ಮೇಲಲ್ಲ, ಅರ್ಜಿ ಹಾಕಿದ ದಿನವೇ ಶುರುಮಾಡಿ.

ಬೇರೆ ದಾರಿಯೇ ಇಲ್ಲವೆಂದಾದರೆ ಹಿಂದಿನ ದಿನ ಫೋನ್ ಮಾಡಿ ನಾಳೆ ತರುತ್ತೇವೆ ಎನ್ನಬೇಡಿ. ಶೆಲ್ಟರ್‌ಗಳು ಸದಾ ತುಂಬಿರುತ್ತವೆ, ಗಾಯಗೊಂಡವಕ್ಕೆ ಮೊದಲ ಜಾಗ. ನಮಗೆ ಐದು ವಾರ ಕಾಯಲು ಹೇಳಿದರು. ಅಷ್ಟರಲ್ಲಿ ಫೋಟೊ ತೆಗೆಸಿ ದತ್ತು ಹುಡುಕಲು ಅವರೇ ನೆರವಾದರು. ರಾಯರ ಪಾಮೆರೇನಿಯನ್‌ಗೆ ಹನ್ನೊಂದು ವರ್ಷ, ಒಂದು ಕಣ್ಣಿಗೆ ಪೊರೆ. ಯಾರೂ ಕೇಳಲಿಲ್ಲ. ಕೊನೆಗೆ ಲಸಿಕೆ ಪುಸ್ತಕ, ಅದು ಮಲಗುತ್ತಿದ್ದ ರಾಯರ ಹಳೆಯ ಶಾಲು ತೆಗೆದುಕೊಂಡು ಹೋದೆವು. ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ರಾಯರ ಮಗಳು ಸಹಿ ಹಾಕಿದಳು. ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ, ಯಾರನ್ನಾದರೂ ಕಚ್ಚಿದೆಯೇ ಎಂದೆಲ್ಲ ಕೇಳಿದರು. ಆರು ವರ್ಷದ ಹಿಂದೆ ನಾನು ಗೊಣಗುತ್ತ ಅರ್ಜಿ ತುಂಬಿದ್ದ ಅದೇ ಮೇಜು. ಕಚ್ಚಿದ್ದರೆ ಮುಚ್ಚಿಡಬೇಡಿ. ಕಚ್ಚಿದ ನಾಯಿಯ ಮೇಲೆ 10 ದಿನ ಕಣ್ಣಿಡಬೇಕಾಗುತ್ತದೆ. ಸುಳ್ಳು ಹೇಳಿದರೆ ಮುಂದಿನ ಮನೆಯ ಮಗುವಿಗೆ ಅಪಾಯ.

ಬೀದಿಯಲ್ಲಿ ಬಿಟ್ಟರೆ ಏನಾಗುತ್ತದೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ, ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಅಪರಾಧ. ದಂಡ ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ಹೌದು, ಸರಿಯಾಗಿಯೇ ಓದಿದಿರಿ. ಎರಡು ಕಾಫಿಯ ದುಡ್ಡು.

ಬೀದಿಯ ನಾಯಿಯನ್ನೇ ಸಾಕುತ್ತೇನೆ ಎನ್ನುವವರಿಗೆ ಶೆಲ್ಟರ್‌ನ ಹಂಗೇನೂ ಇಲ್ಲ. ಬೀದಿನಾಯಿಯನ್ನು ದತ್ತು ಪಡೆಯಲು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ. ಹಾಗೆ ಪಡೆದ ನಾಯಿಗೆ ಗುರುತುಪಟ್ಟಿ ಹಾಕುತ್ತಾರೆ. ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ಪಡೆದವರದು.

ಎಲ್ಲಿ ವಿಚಾರಿಸಬೇಕು? ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಕಟ್ಟಿದ ಕ್ಯುಪಾ ಎಂಬ ಸಂಸ್ಥೆ ಇದೆ. ಮನೆ ಕಳೆದುಕೊಂಡ ಸಾಕುಪ್ರಾಣಿಗಳಿಗೆಂದೇ ಆ ಸಂಸ್ಥೆಯ ‘ಸೆಕೆಂಡ್ ಚಾನ್ಸ್’ ಎಂಬ ದತ್ತು ಕೇಂದ್ರವಿದೆ. ಮೂರೇ ಕಾಲಿನ ಒಂದು ನಾಯಿಯ ಹೆಸರಿನಲ್ಲಿ ಹುಟ್ಟಿದ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್ ಇದೆ. ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್. ನಿಮ್ಮೂರಲ್ಲಿ ಇಂಥದ್ದು ಇಲ್ಲದಿದ್ದರೆ ಸರ್ಕಾರಿ ಪಶು ಆಸ್ಪತ್ರೆಯ ಕಾಂಪೌಂಡರನ್ನು ಕೇಳಿ. ಯಾರ ಮನೆಯಲ್ಲಿ ಮರಿಯಿದೆ, ಯಾರಿಗೆ ಬೇಕಾಗಿದೆ ಎಂಬ ಪಟ್ಟಿ ಅವರ ತಲೆಯಲ್ಲೇ ಇರುತ್ತದೆ.

ತರಲು ಹೋಗುವ ದಿನ ಗಟ್ಟಿ ಕೊರಳಪಟ್ಟಿ, ಹಗ್ಗ, ಕಾರಿನ ಸೀಟಿಗೆ ಹಾಸಲು ಎರಡು ಹಳೆಯ ಬೆಡ್‌ಶೀಟ್ ಇಟ್ಟುಕೊಳ್ಳಿ. ಒಂದು ಸಾಲದು, ಮೊದಲ ಪ್ರಯಾಣದಲ್ಲಿ ಹೆಚ್ಚಿನವು ವಾಂತಿ ಮಾಡಿಕೊಳ್ಳುತ್ತವೆ. ಕಿಟಕಿಯ ಗಾಜು ಅರ್ಧಕ್ಕಿಂತ ಹೆಚ್ಚು ಇಳಿಸಬೇಡಿ.